ಶಾಯಿ ಹರಡದ ಹಾಳೆ

ನಮ್ಮ ದೊಡ್ಡಪ್ಪ ಕೆಜಿಎಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕ್ಯಾಸಂಬಳ್ಳಿಯಲ್ಲೇ ರಾಗಿ ಬೆಳೆದುಕೊಂಡು ಇದ್ದಾರೆ. ಈಗೀಗ ಜೊತೆಗೆ ಕೆಲಸ ಮಾಡಿದವರ ಹೆಸರುಗಳು ಅವರಿಗೆ ಮರೆಯುತ್ತಿವೆ. ಅವರು ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಆದರೆ ಅವರಿಗೆ ಅಷ್ಟು ಸಾಲದು. "ಮೊಮ್ಮಗ ದೊಡ್ಡವನಾದ ಮೇಲೆ ಕೈಯಲ್ಲಿ ಹಿಡಿದು ಓದಬೇಕಮ್ಮ" ಅನ್ನುತ್ತಾರೆ. ಅದಕ್ಕೇ ಇಂಕ್ ಪೆನ್ನಿನಲ್ಲಿ ದುಂಡಗೆ ಬರೆದಿಡುತ್ತಿದ್ದೇನೆ.

ಬಾಲ್ ಪೆನ್ನಿಗೆ ಯಾವ ಹಾಳೆಯಾದರೂ ನಡೆಯುತ್ತದೆ. ಇಂಕ್ ಪೆನ್ನಿನ ಶಾಯಿ ನೀರಿನ ಹಾಗೆ. ಹಾಳೆ ಸರಿಯಿಲ್ಲದಿದ್ದರೆ ನಾರಿನ ಗುಂಟ ಹರಿದು ಅಕ್ಷರಕ್ಕೆ ಬೇರು ಬಿಟ್ಟಂತಾಗುತ್ತದೆ. ನಮ್ಮ ಕನ್ನಡಕ್ಕೆ ಇದರಿಂದ ತೊಂದರೆ ಹೆಚ್ಚು. 'ಥ'ದ ಹೊಟ್ಟೆಯ ಚುಕ್ಕಿ ಮುಚ್ಚಿದರೆ ಅದು 'ಧ'ದಂತೆ ಕಾಣುತ್ತದೆ. 'ಷ'ದ ಒಳಗೀಟು ಕಲಸಿಹೋದರೆ 'ಪ'ವೋ 'ಷ'ವೋ ತಿಳಿಯುವುದಿಲ್ಲ. ಹೆಸರೇ ತಪ್ಪಾಗಿಬಿಡುತ್ತದೆ.

ಶಾಯಿಯನ್ನು ತಡೆಯುವುದು ಹಾಳೆಯ ಗಂಜಿ. ನೇಕಾರರು ನೂಲಿಗೆ ಗಂಜಿ ಹಾಕುವಂತೆ, ಕಾಗದ ತಯಾರಿಸುವಾಗಲೂ ಗಂಜಿ ಅಥವಾ ಅಂಟಿನಂಥ ವಸ್ತು ಸೇರಿಸುತ್ತಾರೆ. ಇದಕ್ಕೆ ಸೈಜಿಂಗ್ ಎಂದು ಹೆಸರು. ಅದಿಲ್ಲದ ಒತ್ತುಕಾಗದ ಶಾಯಿಯನ್ನು ಒಂದೇ ಸಲಕ್ಕೆ ಕುಡಿಯುತ್ತದೆ.

ಕಟ್ಟಿನ ಮೇಲಿರುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70 ಅಥವಾ 75 ಇರುತ್ತದೆ. ತೂಕ ಹೆಚ್ಚಿದ್ದರೆ ಶಾಯಿ ಹಿಂಬದಿಗೆ ಇಳಿಯುವುದು ಕಡಿಮೆ. ಆದರೆ ಗಂಜಿ ಸರಿಯಿಲ್ಲದಿದ್ದರೆ ದಪ್ಪ ಹಾಳೆಯಲ್ಲೂ ಶಾಯಿ ಹರಡುತ್ತದೆ. ತೀರಾ ನುಣುಪಾದ, ಹೊಳೆಯುವ ಹಾಳೆಯಲ್ಲಿ ಶಾಯಿ ಬೇಗ ಒಣಗದೆ ಕೈಗೆ ಬಳಿಯುತ್ತದೆ. ಒರಟು ಡ್ರಾಯಿಂಗ್ ಹಾಳೆಯ ನಾರು ನಿಬ್ಬಿಗೆ ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ಬೆಲೆ, ಬಿಳುಪು ನೋಡಿ ಕೊಳ್ಳಬೇಡಿ. ಅಂಗಡಿಯಲ್ಲಿ ಒಂದು ಹಾಳೆ ಕೇಳಿ ಪಡೆದು 'ಕಥೆ', 'ವರ್ಷ' ಎಂದು ಬರೆಯಿರಿ. ಅಂಚು ಚೂಪಾಗಿದೆಯೇ, ಹಿಂದೆ ತಿರುಗಿಸಿದರೆ ಚುಕ್ಕಿ ಕಾಣುತ್ತದೆಯೇ, ಅರ್ಧ ನಿಮಿಷದ ಮೇಲೆ ಬೆರಳಾಡಿಸಿದರೆ ಅಳಿಸುತ್ತದೆಯೇ ನೋಡಿ. ಅಗಲ ನಿಬ್ಬಿನ ಅಲಂಕಾರದ ಬರಹಕ್ಕೆ ಶಾಯಿ ಹೆಚ್ಚು ಇಳಿಯುತ್ತದೆ. ಅದಕ್ಕೆ 100 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪದ ನಯವಾದ ಹಾಳೆ ವಾಸಿ. ಗೆರೆ ಹಾಳೆಯಾದರೆ ಒತ್ತಕ್ಷರಕ್ಕೆ ಕೆಳಗೆ ಜಾಗವಿರಲಿ.

ಬಹುಕಾಲ ಉಳಿಯಬೇಕಾದ ಬರಹಕ್ಕೆ ನ್ಯೂಸ್‌ಪ್ರಿಂಟ್ ಬೇಡ. ಅದು ಬೇಗ ಹಳದಿಯಾಗಿ ಪುಡಿಯಾಗುತ್ತದೆ. ತೊಳೆದರೆ ಹೋಗುವ ನೀಲಿ ಶಾಯಿಯೂ ಬೇಡ, ಮಳೆಹನಿ ಬಿದ್ದರೆ ಬರಹವೇ ಕರಗೀತು.

ಕೊನೆಗೆ ನಾನು ಆರಿಸಿದ್ದು ಗೆರೆಯಿಲ್ಲದ, ಹೊಳಪಿಲ್ಲದ ಸಾದಾ ಹಾಳೆ. ಬಂಗಾರಪೇಟೆಗೋ ಕೋಲಾರಕ್ಕೋ ಹಾಳೆ ತರಲು ಹೋಗುವಾಗ ನಿಮ್ಮ ಪೆನ್ನನ್ನೂ ಜೇಬಿನಲ್ಲಿಟ್ಟುಕೊಳ್ಳಿ.