ಶನಿವಾರದ ಪದ

ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹಳೇ ಹೆದ್ದಾರಿಯ ಬದಿಯ ಒಂದು ಬಾರನ್ನು ಈಚೆಗೆ ಕೆಡವಿದರು. ಪತ್ರಿಕೆಯವರು ಬಂದು ಫೋಟೋ ತೆಗೆಯುವಂಥ ಕಟ್ಟಡವೇನಲ್ಲ. ಮುಂದೆ ಕೌಂಟರು, ಒಳಗೆ ಕೆಂಪು ಬಲ್ಬಿನ ಮಬ್ಬು, ಹಿಂದೆ ಸಿಮೆಂಟ್ ಶೀಟು ಹೊದಿಸಿದ ಉದ್ದನೆಯ ಹಿತ್ತಲು. ಆ ಹಿತ್ತಲಲ್ಲಿ ಬಟವಾಡೆಯ ದಿನ, ಅಂದರೆ ಶನಿವಾರ ಸಂಜೆ, ವರ್ಷಗಟ್ಟಲೆ ಪದ ನಡೆಯಿತು. ಅಲ್ಲಿ ಎಷ್ಟು ಪೆಟ್ಟಿಗೆ ಮಾಲು ಖರ್ಚಾಯಿತೆಂದು ಅಬಕಾರಿಯವರ ಕಡತದಲ್ಲಿ ಸಿಕ್ಕೀತು. ಎಷ್ಟು ಪದ ಖರ್ಚಾದವು ಎನ್ನುವುದು ನನ್ನಂಥ ನಾಲ್ಕಾರು ಮುದುಕರ ತಲೆಯಲ್ಲಷ್ಟೇ ಇದೆ. ಅದರಲ್ಲೂ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ನಾನಂತೂ ನನ್ನದನ್ನೇ ನಂಬಿದ್ದೇನೆ.

ಬರೆಯಲು ಹಚ್ಚಿದವಳು ತಮ್ಮನ ಮಗಳು. ಅವಳಿಗೆ ಬೆಂಗಳೂರಲ್ಲಿ ಕೆಲಸ. ಬಿಡುವಾದಾಗ ಯಾವುದೋ ಪಬ್ಬಿನ ಓಪನ್ ಮೈಕಿಗೆ ಹೋಗಿ ಕವಿತೆ ಓದಿ ಬರುತ್ತಾಳೆ. ಹಬ್ಬಕ್ಕೆ ಊರಿಗೆ ಬಂದಾಗ ನನಗೆ ಪಾಠ ಮಾಡಿದಳು: ಅಮೆರಿಕದ ಷಿಕಾಗೊದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ ಎಂಬಾತನಿಗೆ, ಕವಿಗಳು ತಮ್ಮ ತಮ್ಮಲ್ಲೇ ಪಿಸುಗುಟ್ಟಿಕೊಂಡು ಎದ್ದುಹೋಗುವುದು ಕಂಡು ಬೇಜಾರಾಯಿತಂತೆ. 1986ರ ಜುಲೈಯಲ್ಲಿ ಗ್ರೀನ್ ಮಿಲ್ ಎಂಬ ಬಾರಿನಲ್ಲಿ ಪ್ರತಿ ಭಾನುವಾರ ಕವಿತೆಯ ಪಂದ್ಯ ಶುರುಮಾಡಿದನಂತೆ. ಕುಡಿಯಲು ಬಂದವರಲ್ಲೇ ಕೆಲವರನ್ನು ಹಿಡಿದು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸುವುದು, ಅವರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದು, ಹಿಡಿಸದಿದ್ದರೆ ಜನ ಕೂಗಿ ಕೂರಿಸುವುದು. ಅದಕ್ಕೇ ಸ್ಲ್ಯಾಮ್ ಅಂತ ಹೆಸರು. ಇಷ್ಟು ಹೇಳಿ, “ನಮ್ಮೂರಲ್ಲಿ ಇಂಥದ್ದೇನೂ ಇರಲಿಲ್ವಾ ದೊಡ್ಡಪ್ಪಾ?” ಎಂದಳು.

ಇತ್ತು. ಷಿಕಾಗೊದವನು ಶುರುಮಾಡುವ ಮುಂಚೆಯೇ ಇತ್ತು. ಅಂಕದ ಬದಲು ಹೆಂಡ ಕೊಡುತ್ತಿದ್ದರು.

ಬಾರಿಗಿಂತ ಮೊದಲು ಅಲ್ಲಿದ್ದದ್ದು ಹೆಂಡದಂಗಡಿ. ನಾನು ಪಿಯುಸಿ ಓದುವಾಗ, ರಾಮದೇವರ ಬೆಟ್ಟದಲ್ಲಿ ‘ಶೋಲೆ’ ಶೂಟಿಂಗ್ ನಡೆಯುತ್ತಿದ್ದ ಕಾಲ. (ನಮ್ಮೂರ ಕುಡುಕ ಎಂದರೆ ಲೋಕಕ್ಕೆಲ್ಲ ನೀರಿನ ಟ್ಯಾಂಕ್ ಹತ್ತಿ ನಿಂತ ಧರ್ಮೇಂದ್ರನೇ. ನಮ್ಮವರು ಟ್ಯಾಂಕ್ ಹತ್ತುವಷ್ಟು ಹುಷಾರಾಗಿ ಇರುತ್ತಿರಲಿಲ್ಲ.) ಈಚಲ ಹೆಂಡ ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಒಗರು, ಸಂಜೆಗೆ ಹುಳಿ. ಆ ಹುಳಿಯ ವಾಸನೆಗೆ ನಮ್ಮೂರಲ್ಲಿ ಇನ್ನೊಂದು ವಾಸನೆ ಬೆರೆಯುತ್ತಿತ್ತು: ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳದ್ದು. ಚರಕದ ಮನೆಗಳಿಂದ ಬಂದವರ ಬಟ್ಟೆ, ಕೂದಲು, ಉಗುರಿನ ಸಂದಿಯಲ್ಲೆಲ್ಲ ಅದು ಇರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಂಡು ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತಿದ್ದರು. ನನಗೆ ಈಗಲೂ ಕವಿತೆ ಎಂದರೆ ಆ ಎರಡು ವಾಸನೆ ಕೂಡಿಯೇ ನೆನಪಾಗುವುದು.

ಪದ ಹೇಳುವವರಲ್ಲಿ ಹಿರಿಯನನ್ನು ಎಲ್ಲರೂ ಪದದಜ್ಜ ಎನ್ನುತ್ತಿದ್ದರು. ಮಾಗಡಿ ಕಡೆಯವನು. ಗಾಡಿಯಲ್ಲಿ ಗೂಡು ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಬರುವನು. ಅಕ್ಷರ ಬಾರದು. ಮಾರುಕಟ್ಟೆಯಲ್ಲಿ ಹರಾಜು ಕೂಗುವವನ ಲಯವನ್ನೇ ಕದ್ದು ತಂದು ಅದರ ಮೇಲೆ ಪದ ಕಟ್ಟುತ್ತಿದ್ದ. ಇವತ್ತು ಗೂಡು ಎಷ್ಟಕ್ಕೆ ಬಿತ್ತು, ತೂಕದಲ್ಲಿ ಯಾರು ಯಾರಿಗೆ ನಾಮ ಹಾಕಿದರು, ಯಾವ ದಲ್ಲಾಳಿಯ ಹೊಸ ಚಪ್ಪಲಿ ಯಾರ ದುಡ್ಡಿನದು, ಎಲ್ಲವೂ ಸಂಜೆಗೆ ಪದವಾಗುತ್ತಿತ್ತು. ಮುಂದೆ ಚೀನಾದ ರೇಷ್ಮೆ ಬಂದು ನಮ್ಮ ಗೂಡಿನ ರೇಟು ನೆಲಕಚ್ಚಿದ್ದೂ ಪದವಾಯಿತು. ಆ ಪದಕ್ಕೆ ಯಾರೂ ನಗಲಿಲ್ಲ.

ಅವನ ವ್ಯಾಪಾರ ನೋಡಬೇಕಿತ್ತು. ಹೊಸ ಪದಕ್ಕೆ ಪೂರ್ತಿ ಬಾಟ್ಲಿ, ಹಳೇದಕ್ಕೆ ಅರ್ಧ ಎಂಬುದು ಅಂಗಡಿಯವನೊಂದಿಗೆ ಆಗಿದ್ದ ಕರಾರು. ಅಂಗಡಿಯವನು ಗಲ್ಲಾದ ಮುಂದೆ ಕಣ್ಣು ಮುಚ್ಚಿ ಕೇಳುವನು, ಕೊನೆಗೆ ಒಂದು ಕಣ್ಣು ತೆರೆದು, “ಇದು ಹೋದ ವಾರದ್ದೇ ಅಲ್ವೇನಜ್ಜಾ?” ಎನ್ನುವನು. ಅಜ್ಜ ಸೀಸೆಯನ್ನು ಬೆಳಕಿಗೆ ಹಿಡಿದು ಮೂಸಿ, “ಇದೂ ಹೋದ ವಾರದ್ದೇ ಅಲ್ವಾ ಗೌಡಾ?” ಎನ್ನುವನು. ಅಂಗಡಿಯೆಲ್ಲ ಗೊಳ್ಳೆನ್ನುವುದು. ಪೂರ್ತಿ ಬಾಟ್ಲಿಯೇ ಬರುವುದು. ಈ ಮಾತು ಅವರಿಬ್ಬರ ನಡುವೆ ಮೊದಲೇ ಆಗಿದ್ದ ನಾಟಕವಿರಬೇಕೆಂದು ನನಗೆ ಆಗಲೂ ಅನುಮಾನವಿತ್ತು. ಆದರೆ ಕೆಟ್ಟ ಪದಕ್ಕೆ ನಾಟಕವಿರಲಿಲ್ಲ. ಯಾರಾದರೂ ಎರಡು ಸಾಲು ಎಳೆದಾಡಿದರೆ ಮೂಲೆಯಿಂದ “ಸಾಕು ಬುಡಪ್ಪಾ, ಕಡ್ಲೆ ತಿನ್ನು” ಎಂಬ ದನಿ ಬರುತ್ತಿತ್ತು. ಹಾಗೆ ಕೂರಿಸಿಕೊಂಡವನು ಮುಂದಿನ ಶನಿವಾರ ಚೆನ್ನಾಗಿ ಕಟ್ಟಿಕೊಂಡು ಬರುತ್ತಿದ್ದ, ಇಲ್ಲವೇ ಸುಮ್ಮನೆ ಕುಡಿದು ಹೋಗುತ್ತಿದ್ದ. ಎರಡೂ ಊರಿಗೆ ಒಳ್ಳೆಯದೇ.

ಜಿ.ಪಿ. ರಾಜರತ್ನಂ ನಮ್ಮ ರಾಮನಗರದಲ್ಲೇ ಹುಟ್ಟಿದವರು ಎಂಬುದು ನಮ್ಮ ಕಾಲೇಜಿನ ಹುಡುಗರಿಗೆಲ್ಲ ಜಂಬ. ಮಕ್ಕಳಿಗೆ ಪದ್ಯ ಬರೆದವರು, ಬೌದ್ಧ ಜೈನ ಗ್ರಂಥಗಳನ್ನು ಕನ್ನಡಕ್ಕೆ ತಂದವರು, 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಆದರೆ ನಮಗೆ ಬೇಕಾದದ್ದು ಮೂವತ್ತರ ದಶಕದಲ್ಲಿ ಅವರು ಬರೆದ ‘ರತ್ನನ ಪದಗಳು’. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಮೇಲಂತೂ ಅವು ಮದುವೆ ಮನೆಗೂ ಬಂದವು. ಹೆಂಡದ ಹಾಡನ್ನು ಹೆಂಡದಂಗಡಿಯಲ್ಲೇ ಹಾಡಬೇಕೆಂಬ ಹುಕಿ ಹತ್ತಿ, ನಾನು ಒಂದು ಶನಿವಾರ ರತ್ನನ ಪದವೊಂದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಹೇಳಿಬಿಟ್ಟೆ. ಎಲ್ಲರೂ ತಲೆದೂಗಿದರು. ಅಜ್ಜ ಮಾತ್ರ ಬೀಡಿ ಆರಿಸಿ, “ಪದ ಬಲೇ ಪಸಂದಾಗದೆ. ಆದ್ರೆ ಕಟ್ಟಿದೋನು ಕುಡಿಯೋನಲ್ಲ ಕಣ್ಲಾ” ಎಂದ. ಹೇಗೆ ಹೇಳುತ್ತೀಯಜ್ಜಾ ಎಂದರೆ, “ಕುಡಿಯೋನು ಹೆಂಡನ ಇಷ್ಟು ಹೊಗಳಕಿಲ್ಲ” ಎಂದ.

ರಾಜರತ್ನಂ ಹೆಂಡ ಮುಟ್ಟಿದವರಲ್ಲ ಎಂಬುದನ್ನು ನಮ್ಮ ಕನ್ನಡ ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು ಅದಾದ ಮೇಲೆ. ವಿಮರ್ಶೆ ಎಂಬ ಹೆಸರಿನಲ್ಲಿ ನಾನು ಎಷ್ಟೋ ಓದಿದ್ದೇನೆ. ಅಜ್ಜ ಅವತ್ತು ಹೇಳಿದ ಒಂದು ಮಾತಿನ ತೂಕದ್ದು ಕಡಿಮೆ.

ಇಲ್ಲಿಗೇ ನಿಲ್ಲಿಸಿದರೆ ಸೊಗಸಾದ ಲೇಖನವಾಗುತ್ತದೆ, ಸುಳ್ಳೂ ಆಗುತ್ತದೆ. ಅಂಗಡಿಯ ಎದುರು ಹುಣಸೆ ಮರವಿತ್ತು. ಅದರ ಕೆಳಗೆ ಶನಿವಾರ ಸಂಜೆ ಹೆಂಗಸರು ಕೂತಿರುತ್ತಿದ್ದರು. ಅವರೂ ಬೆಳಗಿನಿಂದ ಕುದಿಯುವ ನೀರಿಗೆ ಬೆರಳಿಟ್ಟು ಎಳೆ ತೆಗೆದವರೇ. ಬೆರಳ ತುದಿ ಬೆಳ್ಳಗೆ ಬೆಂದು ಸುಕ್ಕುಗಟ್ಟಿರುತ್ತಿತ್ತು. ಗಂಡನ ಬಟವಾಡೆ ಪೂರ್ತಿ ಕರಗುವ ಮುಂಚೆ ಒಂದಿಷ್ಟು ಕೈಗೆ ಬಂದೀತೇ ಎಂದು ಕಾಯುವುದು. ಒಳಗಿನ ಪದಗಳಲ್ಲಿ ಹೆಂಡತಿ ಇಲ್ಲದ ಪದವೇ ಇರಲಿಲ್ಲ. ರತ್ನನ ಪದದ ಪುಟ್ನಂಜಿಯಂಥ ಹೆಂಡತಿ, ಬೈಯುವ ಹೆಂಡತಿ, ಬೈದು ಮುದ್ದೆ ಬಡಿಸುವ ಹೆಂಡತಿ. ಹೊರಗೆ ಕೂತವಳನ್ನು ಒಳಗೆ ಕರೆದು ಒಂದು ಪದ ಹೇಳಮ್ಮಾ ಎಂದವರನ್ನು ನಾನು ಕಾಣೆ. ಅವರಿಗೆ ಪದ ಬರುತ್ತಿರಲಿಲ್ಲವೇ? ಸೋಬಾನೆಗೆ ಕೂತರೆ ರಾತ್ರಿ ಕಳೆದರೂ ಮುಗಿಯದಷ್ಟು ಬರುತ್ತಿತ್ತು. ಆ ಮರದ ಕೆಳಗೆ ನಮ್ಮವ್ವನೂ ಕೂತಿರುತ್ತಿದ್ದಳು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಒಳಗೆ ಪದದಜ್ಜನ ಪಕ್ಕದ ಜಾಗ ಅವನದು. ನಾನು ಯಾರ ಕಡೆಗೂ ನೋಡದೆ ಒಳಗೆ ನುಗ್ಗುತ್ತಿದ್ದೆ.

ಅಜ್ಜ ಹೊಟ್ಟೆ ಊದಿಕೊಂಡು ಸತ್ತ. ಅಪ್ಪನೂ ಹಾಗೇ.

ಎಂಬತ್ತರ ದಶಕದಲ್ಲಿ ಅಂಗಡಿ ಹೋಗಿ ಬಾರಾಯಿತು. ಪದಕ್ಕೆ ಮೈಕು ಬಂದದ್ದು ಆಗ. ಶಾಮಿಯಾನದವನು ಬಾಕಿ ತೀರಿಸಲಾಗದೆ ಬಿಟ್ಟುಹೋದ ಆಹೂಜಾ ಮೈಕದು. ಮುಟ್ಟಿದರೆ ಕರೆಂಟು ಹೊಡೆಯುತ್ತಿತ್ತು, ಆದ್ದರಿಂದ ಕವಿಗಳೆಲ್ಲ ಒಂದು ಗೇಣು ದೂರ ನಿಂತು ಕೂಗುತ್ತಿದ್ದರು. ಆ ಹೊತ್ತಿಗೆ ನಾನು ರೀಲಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಬರುವವರ ಜಾತಿ ಬದಲಾಯಿತು: ಬ್ಯಾಂಕಿನವರು, ಮೇಷ್ಟ್ರುಗಳು, ಕೈಚೀಲದಲ್ಲಿ ಬಂಡಾಯದ ಕವಿತೆ ಇಟ್ಟುಕೊಂಡ ಹುಡುಗರು. ಕನಕಪುರದ ಲೆಕ್ಚರರ್ ಒಬ್ಬರಿಗೆ ಕೊನೇ ಬಸ್ಸಿನ ಚಿಂತೆ. ದೀರ್ಘ ಕವಿತೆ ಶುರುಮಾಡಿ, ಕ್ರಾಂತಿ ಇನ್ನೇನು ಆಯಿತು ಎನ್ನುವಾಗ ಗಡಿಯಾರ ನೋಡಿಕೊಂಡು ಓಡುತ್ತಿದ್ದರು. ಅವರ ಒಂದು ಕವಿತೆಯ ಕೊನೆಯನ್ನೂ ನಾವು ಕೇಳಲಿಲ್ಲ.

ಚನ್ನಪಟ್ಟಣದ ಬೊಂಬೆ ಕೆಲಸದ ಸಾಹೇಬರೊಬ್ಬರು ಬರುತ್ತಿದ್ದರು. ಹಗಲೆಲ್ಲ ಲೇತ್ ಮೇಲೆ ಹಾಲೆ ಮರ ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತುವ ಕೆಲಸ. ಮದ್ಯ ಮುಟ್ಟರು, ಒಂದು ಸೋಡಾ ಹಿಡಿದು ಕೂತು ಉರ್ದುವಿನಲ್ಲಿ ಎರಡೇ ಸಾಲು ಹೇಳುವರು. ಉರುಸಿನ ಮುಷಾಯರಾಗಳಲ್ಲಿ ಕೇಳಿ ಪಳಗಿದ ಕಿವಿ ಅವರದು. ಮೊದಲ ಸಾಲನ್ನು ಎರಡು ಸಲ ಹೇಳಿ, ಎರಡನೆಯದನ್ನು ಬೇಕೆಂದೇ ತಡೆದು, ಎಲ್ಲರೂ ಮುಂದಕ್ಕೆ ಬಾಗಿದ ಮೇಲೆ ಬಿಡುವರು. ಚೆನ್ನಾಗಿದ್ದರೆ ಮುಕರ್ರರ್ ಎನ್ನಬೇಕು, ಮತ್ತೆ ಹೇಳುತ್ತಾರೆ ಎಂದು ನಮಗೆ ಕಲಿಸಿದವರೂ ಅವರೇ. ನಮ್ಮ ಹಳ್ಳಿಯವರು ಅದನ್ನು ಮುಕ್ರ ಮಾಡಿಕೊಂಡು ಕನ್ನಡ ಪದಕ್ಕೂ ಕೂಗತೊಡಗಿದರು.

ಹತ್ತಿರದಲ್ಲೇ, ಅದೇ ಹೆದ್ದಾರಿಯ ಮೇಲೆ, ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ನಾಡಿನ ಮೂಲೆಮೂಲೆಯ ಹಾಡು ಅಲ್ಲಿ ಟೇಪಿನಲ್ಲಿ ಭದ್ರವಾಗಿ ಕೂತಿದೆ. ಅದಕ್ಕಾಗಿ ಅವರಿಗೆ ಕೈಮುಗಿಯಬೇಕು. ನಮ್ಮ ಹಿತ್ತಲಿನ ಒಂದು ಪದವೂ ಟೇಪಿಗೆ ಬೀಳಲಿಲ್ಲ. ಬಿದ್ದಿದ್ದರೆ ಅರ್ಧಕ್ಕರ್ಧ ಬೈಗುಳವನ್ನು ಅಳಿಸಬೇಕಾಗುತ್ತಿತ್ತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರು ರಾಮನಗರದ್ದೇ ಶಾಸಕರು. ಹೆಂಗಸರು ಹಬ್ಬ ಮಾಡಿದರು, ಮಾಡಬೇಕಾದದ್ದೇ. ಪ್ಯಾಕೆಟ್ ಸಾರಾಯಿಯ ಗಿರಾಕಿ ಅಗ್ಗದ ವಿಸ್ಕಿಗೆ ತಿರುಗಿದ. ಕೌಂಟರಿನಲ್ಲೇ ನಿಂತು ಒಂದೇ ಗುಟುಕಿಗೆ ಮುಗಿಸಿ ನಡೆಯುವವನಿಗೆ ಪದ ಕೇಳಲು ಹೊತ್ತೆಲ್ಲಿ? ಆಮೇಲೆ ಹೆದ್ದಾರಿಯಿಂದ ಐನೂರು ಮೀಟರ್ ಒಳಗೆ ಮದ್ಯ ಮಾರಕೂಡದು ಎಂಬ ಸುಪ್ರೀಂ ಕೋರ್ಟಿನ ಆದೇಶ 2017ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಜಾರಿಯಾಗಿ ಬಾಗಿಲು ಬಿತ್ತು. ಪಟ್ಟಣದ ಗಡಿಯೊಳಗೆ ಅದು ಅನ್ವಯಿಸದು ಎಂದು ಕೋರ್ಟೇ ಹೇಳಿ ಬಾಗಿಲು ತೆರೆಯುವಷ್ಟರಲ್ಲಿ ಶನಿವಾರದವರು ಚದುರಿಹೋಗಿದ್ದರು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸು ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿಟ್ಟು ಕಾರುಗಳನ್ನು ಮೈಸೂರಿಗೆ ಒಯ್ಯತೊಡಗಿತು. ಹಳೇ ರಸ್ತೆಯ ಹೋಟೆಲು, ಎಳನೀರು, ಬೊಂಬೆ ಅಂಗಡಿಗಳ ಜೊತೆಗೆ ಬಾರೂ ಸೊರಗಿತು. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಮಾಡಿದರು. ಸೈಟಿಗೆ ರೇಟು ಬರುತ್ತದಂತೆ. ಬಂದೂ ಇರಬೇಕು, ಇಲ್ಲದಿದ್ದರೆ ಆ ಹಿತ್ತಲನ್ನು ಯಾರು ಕೊಳ್ಳುತ್ತಿದ್ದರು? ಗೂಡಿನ ಮಾರುಕಟ್ಟೆಯಲ್ಲೂ ಈಗ ಇ-ಹರಾಜು. ರೀಲರು ಮೊಬೈಲಿನಲ್ಲೇ ರೇಟು ಒತ್ತುತ್ತಾರೆ. ಕೂಗುವವನೇ ಇಲ್ಲದ ಕಡೆ ಅಜ್ಜ ಲಯ ಎಲ್ಲಿಂದ ಕದಿಯಬೇಕಿತ್ತೋ.

ತಮ್ಮನ ಮಗಳು ನನ್ನನ್ನೂ ಒಮ್ಮೆ ಓಪನ್ ಮೈಕಿಗೆ ಕರೆದೊಯ್ದಳು. ಕನಕಪುರ ರಸ್ತೆಯಲ್ಲಿ, ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣದಿಂದ ಊರೊಳಗಿನ ಕಡೆ. ಬಾಗಿಲಲ್ಲಿ ಟಿಕೆಟು, ಕೈಗೊಂದು ಮುದ್ರೆ. ಒಂದು ಲೋಟ ಬಿಯರಿನ ದುಡ್ಡಿಗೆ ನಮ್ಮ ಅಂಗಡಿಯಲ್ಲಿ ಊರಿಗೇ ಕುಡಿಸಬಹುದಿತ್ತು. ಒಬ್ಬೊಬ್ಬರೂ ಮೊಬೈಲು ನೋಡಿಕೊಂಡು ಓದಿದರು, ಬಹುಪಾಲು ಇಂಗ್ಲಿಷು, ಒಂದಿಷ್ಟು ಹಿಂದಿ. ಒಳ್ಳೆಯದಕ್ಕೂ ಚಿಟಿಕೆ, ಕೆಟ್ಟದ್ದಕ್ಕೂ ಚಿಟಿಕೆ, ಅಷ್ಟೇ ಜೋರಾಗಿ. ತನ್ನ ಸರದಿ ಮುಗಿಸಿದವನು ವಿಡಿಯೋ ಸರಿಯಾಗಿ ಬಂತೇ ಎಂದು ನೋಡಿಕೊಳ್ಳುತ್ತ ಹೊರಟುಹೋಗುತ್ತಿದ್ದ. ಕಡ್ಲೆ ತಿನ್ನು ಎನ್ನುವ ಒಬ್ಬ ಪುಣ್ಯಾತ್ಮ ಅಲ್ಲಿರಲಿಲ್ಲ. ನನ್ನ ಬಾಯಿಗೇ ಒಂದೆರಡು ಸಲ ಬಂದಿತ್ತು, ನುಂಗಿಕೊಂಡೆ.

ಆಮೇಲೆ ಇವಳ ಹೆಸರು ಕೂಗಿದರು. ಕನ್ನಡದಲ್ಲಿ ಓದಿದ್ದು ಇವಳೊಬ್ಬಳೇ, ಅದೂ ನಮ್ಮ ಮನೆಯ ಕನ್ನಡ. ಹುಣಸೆ ಮರದ ಕೆಳಗೆ ಕೂತ ಅಜ್ಜಿಯೊಬ್ಬಳು, ಒಳಗಿನಿಂದ ಕೇಳಿಬರುವ ಪದದಲ್ಲಿ ತನ್ನ ಹೆಸರು ಬಂದಾಗಲೆಲ್ಲ ಸೆರಗು ಸರಿಮಾಡಿಕೊಳ್ಳುತ್ತಾಳೆ. ಈ ಸೆರಗಿನ ವಿಷಯ ನಾನು ಎಂದೂ ಗಮನಿಸಿದವನಲ್ಲ. ತಮ್ಮ ಚಿಕ್ಕವನಿದ್ದಾಗ ಅವ್ವನ ಮಡಿಲಲ್ಲಿ ಕೂತು ನೋಡಿದ್ದನಂತೆ. ಓದಿ ಮುಗಿಸಿದಾಗ ಎಲ್ಲರಂತೆ ಇವಳಿಗೂ ಚಿಟಿಕೆ ಬಿತ್ತು. ನಾನು “ಮುಕ್ರ” ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಅವಳಿಗೆ ಅರ್ಥವಾಗದಿದ್ದರೂ ಮತ್ತೆ ಓದಿದಳು.

ಈಗ ರಾಮನಗರದಲ್ಲೇ ವಾರಕ್ಕೊಮ್ಮೆ ಇಂಥದ್ದು ನಡೆಸಬೇಕೆಂದು ಹಟ ಹಿಡಿದಿದ್ದಾಳೆ. ಬಾರಿನವರೊಬ್ಬರನ್ನು ಕೇಳಿದಳಂತೆ. “ಹೆಣ್ಮಕ್ಕಳು ಬಂದ್ರೆ ಸುಮ್ನೆ ತಾಪತ್ರಯ ಕಣಮ್ಮಾ” ಎಂದರಂತೆ. ಐವತ್ತು ವರ್ಷವಾದರೂ ಹುಣಸೆ ಮರ ಅಲ್ಲೇ ಇದೆ ಎಂದಾಯಿತು. ಕೊನೆಗೆ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ ಸಿಕ್ಕಿದೆ, ಕೆಳಗಿನ ಹೋಟೆಲಿನಿಂದ ಟೀ ಬರುತ್ತದೆ. ಹೆಂಡವಿಲ್ಲದ ಕಡೆ ಎಂಥಾ ಪದ ಹುಟ್ಟೀತು ಮಗಳೇ ಎಂದೆ.

“ರಾಜರತ್ನಂ ಏನು ಕುಡೀತಿದ್ರು ದೊಡ್ಡಪ್ಪಾ?” ಎಂದಳು.