ನಿಲ್ಲಿಸಿ ತೆಗೆದ ಎಕ್ಸ್‌ರೇ

ನಮ್ಮ ಸೋಂಪುರದ ಕಡೆ ಕಾಲಿಗೆ ಪೆಟ್ಟಾದರೆ ಎರಡೇ ಬಗೆ: ಉಳುಕು, ಇಲ್ಲವೇ ಮುರಿತ. ಉಳುಕಿದರೆ ಎಣ್ಣೆ ನೀವಿ ಬಟ್ಟೆ ಸುತ್ತುತ್ತಾರೆ. ಮುರಿದರೆ ದಾಬಸ್‌ಪೇಟೆಗೋ ನೆಲಮಂಗಲಕ್ಕೋ ಓಡುತ್ತಾರೆ. ಕೆಲವರು ಪುತ್ತೂರು ಕಟ್ಟೇ ಆಗಬೇಕೆನ್ನುತ್ತಾರೆ. ಎರಡೂ ಒಟ್ಟಿಗೇ ಆಗಬಹುದೆಂಬುದು ಯಾರ ಲೆಕ್ಕದಲ್ಲೂ ಇಲ್ಲ.

ದೊಡ್ಡಮ್ಮ ಕೊಟ್ಟಿಗೆಯಲ್ಲಿ ಜಾರಿದಾಗ ಪಾದ ಎರಡು ಚಪ್ಪಡಿಗಳ ಸಂದಿಗೆ ಸಿಕ್ಕಿ ಮೈ ಮಾತ್ರ ತಿರುಗಿತ್ತು. ಗಿಣ್ಣಿನ ಹೊರಬದಿಯ ಸಣ್ಣ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ ಮೂಳೆ ಚೆನ್ನಾಗಿಯೇ ಕೂಡಿತ್ತು. ನೋವು ಹೋಗಲಿಲ್ಲ, ಅದೂ ಗಿಣ್ಣಿನ ಒಳಬದಿಯಲ್ಲಿ.

“ಮುರಿದಿದ್ದು ಆ ಕಡೆ, ನೋಯೋದು ಈ ಕಡೆ! ಹಾಲು ಕರೆಯೋಕೆ ಬೇಜಾರು ಕಣಮ್ಮ ಅವ್ಳಿಗೆ” ಎಂದು ಬೀದಿಯವರು ನಕ್ಕರು. ಮೂವತ್ತು ವರ್ಷ ಎರಡು ಹೊತ್ತೂ ಡೈರಿಗೆ ಹಾಲು ಹಾಕಿದ ಹೆಂಗಸು ದೊಡ್ಡಮ್ಮ. ಒಂದು ರಾತ್ರಿ ನನ್ನನ್ನು ಕೇಳಿದಳು: “ಫಿಲಂನಾಗೆ ಕಾಣ್ದಿದ್ರೆ ನಂಗೆ ನೋವೇ ಇಲ್ವಾ ಮಗ?”

ಬೆಂಗಳೂರಿನ ವೈದ್ಯರೊಬ್ಬರು ಅವಳನ್ನು ಕಾಲೂರಿ ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದ ಫಿಲಂನಲ್ಲಿ ಇಲ್ಲದ ಸಂದು, ಮೈಭಾರ ಬಿದ್ದೊಡನೆ ತೆರೆದುಕೊಂಡಿತ್ತು. ಲಿಗಮೆಂಟ್ ಎಕ್ಸ್‌ರೇಗೆ ಕಾಣುವುದಿಲ್ಲ; ಅದು ಹರಿದಿರುವುದನ್ನು ಮೂಳೆಗಳ ನಡುವಿನ ಅಂತರದಿಂದ ಊಹಿಸಬೇಕು. ಒಳಬದಿಯ ಡೆಲ್ಟಾಯ್ಡ್ ಲಿಗಮೆಂಟ್ ಹರಿದಿತ್ತು. ಕಾಲಿನ ಎರಡು ಉದ್ದ ಮೂಳೆಗಳನ್ನು ಗಿಣ್ಣಿನ ಮೇಲೆ ಬಿಗಿದಿಡುವ ಸಿಂಡೆಸ್ಮೋಸಿಸ್ ಕೂಡ ಸಡಿಲವಾಗಿತ್ತು. ಮರ ಎಷ್ಟೇ ಗಟ್ಟಿಯಿರಲಿ, ಮಿಣಿ ಹರಿದರೆ ನೊಗ ನಿಲ್ಲುತ್ತದೆಯೇ?

ಒಂದಿಷ್ಟು ಸಡಿಲವಾದರೇನು ಎನ್ನಬಹುದು. 1976ರಲ್ಲಿ ರಾಮ್ಸಿ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು ಶವಗಳ ಕಾಲಿನ ಮೇಲೆ ಇದನ್ನೇ ಅಳೆದು ನೋಡಿದರು. ಗಿಣ್ಣಿನೊಳಗಿನ ತಾಲಸ್ ಮೂಳೆ ಹೊರಕ್ಕೆ ಒಂದೇ ಒಂದು ಮಿಲಿಮೀಟರ್ ಸರಿದರೆ, ಮೇಲಿನ ಮೂಳೆಗೆ ಅದು ತಾಗುವ ಜಾಗ ಸರಾಸರಿ ಶೇ. 42ರಷ್ಟು ಕುಗ್ಗಿತ್ತು. ಮಿಕ್ಕ ಅಷ್ಟು ಜಾಗದ ಮೇಲೆ ಇಡೀ ಮೈಭಾರ ಬಿದ್ದರೆ ಕೀಲು ಸವೆಯದೆ ಇನ್ನೇನು? ಮಿಲಿಮೀಟರ್ ಎಂದರೆ ನಮ್ಮ ಮನೆಯಲ್ಲಿ ರಾಗಿಕಾಳಿಗಿಂತಲೂ ದೊಡ್ಡದಲ್ಲ.

ಹಳೆಯ ಪೆಟ್ಟಾದ್ದರಿಂದ ಆಪರೇಷನ್ ಸಲೀಸಾಗಿರಲಿಲ್ಲ. ಸ್ಕ್ರೂ ಹಾಕಿ ಎರಡು ಮೂಳೆಗಳನ್ನು ಹತ್ತಿರ ತಂದರು. ಕುಕ್ಕುರುಗಾಲಲ್ಲಿ ಕೂರಲು ದೊಡ್ಡಮ್ಮನಿಗೆ ಈಗಲೂ ಆಗದು; ಸ್ಟೂಲ್ ಮೇಲೆ ಕೂತು ಹಾಲು ಕರೆಯುತ್ತಾಳೆ. ಅದಕ್ಕೂ ಬೀದಿಯವರು ನಗುತ್ತಾರೆ, ಬಿಡಿ.

ಊರಲ್ಲಿ ಯಾರಾದರೂ ಕಾಲು ಮುರಿದುಕೊಂಡು ಆಸ್ಪತ್ರೆಯಿಂದ ಬಂದರೆ ನೋಡಲು ಹೋಗುತ್ತಾಳೆ. ಫಿಲಂ ಕೈಗೆ ತೆಗೆದುಕೊಂಡು, ಓದು ಬಾರದ ಕಣ್ಣಿನಿಂದ ಬೆಳಕಿಗೆ ಹಿಡಿದು ಕೇಳುತ್ತಾಳೆ: “ಇದು ನಿಲ್ಸಿ ತೆಗ್ದಿದ್ದಾ, ಮಲಗ್ಸಿ ತೆಗ್ದಿದ್ದಾ?”