ಬಿಸಿಲೂರಿನ ಹಿಮದ ಬೂಟು

ಕಂಬದೂರಿನಂಥ ಬಿಸಿಲೂರಲ್ಲಿ ಹಿಮದ ಬೂಟು ಎಲ್ಲಿಂದ ಬಂತು ಅನ್ನಬೇಡಿ. ಮಿಲಿಟರಿಯಿಂದ ರಿಟೈರಾಗಿ ಬಂದವರ ಟ್ರಂಕು ತೆಗೆಸಿ ನೋಡಿ. ನಮ್ಮ ಮಾವನ ಬೂಟಿನ ಮೇಲಿನ ಚರ್ಮ ಇನ್ನೂ ಗಟ್ಟಿ. ನಾಲ್ಕು ಹೆಜ್ಜೆ ಹಾಕಿದರೆ ಅಟ್ಟೆ ಮಾತ್ರ ಪುಡಿಪುಡಿ. ಅದು ಸವೆತವಲ್ಲ. ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವೆ ಇರುವ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ಒಳಗೊಳಗೇ ಮುರಿಯುತ್ತಾ ಹೋಗುತ್ತದೆ, ಸೆಕೆ ಅದಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಹಾಕದೆ ಜೋಪಾನವಾಗಿ ಎತ್ತಿಟ್ಟರೂ ತಪ್ಪಿದ್ದಲ್ಲ. ಮಳೆ ತಡೆಯುವ ಜಾಕೆಟ್ಟಿನ ಒಳಪದರವೂ ಹೀಗೇ ಸಿಪ್ಪೆ ಏಳುತ್ತದೆ. ಪುಕ್ಕ ತುಂಬಿದ ಕೋಟನ್ನು ಹಿಸುಕಿ ವರ್ಷಗಟ್ಟಲೆ ಗಂಟು ಕಟ್ಟಿಟ್ಟರೆ ಉಬ್ಬು ಹೋಯಿತು, ಉಬ್ಬಿನ ಜೊತೆ ಬಿಸುಪೂ ಹೋಯಿತು.

ಹಳೇ ಕಾಲದ ಉಣ್ಣೆ, ಚರ್ಮದ ಕಥೆಯೇ ಬೇರೆ. 1924ರಲ್ಲಿ ಎವರೆಸ್ಟಿನಲ್ಲಿ ಕಾಣೆಯಾದ ಜಾರ್ಜ್ ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ. ಉಣ್ಣೆ, ರೇಷ್ಮೆ, ಹತ್ತಿ ಬಟ್ಟೆಯ ತುಂಡುಗಳು, ಮೊಳೆ ಹೊಡೆದ ಚರ್ಮದ ಬೂಟು, 75 ವರ್ಷದ ಮೇಲೂ ಗುರುತು ಸಿಗುವಂತಿದ್ದವು! (ಅಲ್ಲಿನ ಒಣ ಥಂಡಿಯ ಕೃಪೆಯೂ ಇತ್ತೆನ್ನಿ.) ನಮ್ಮ ಕಡೆಯ ಕುರುಬರ ಕಂಬಳಿಯೂ ಅದೇ ಜಾತಿ, ನುಸಿ ಹಿಡಿಯದಂತೆ ಬಿಸಿಲು ಕಾಣಿಸುತ್ತಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಹಾಗಂತ ಕಂಬಳಿ ಹೊದ್ದು ಸಿಯಾಚಿನ್ ಕಾಯಲಾಗದು, ಭಾರಕ್ಕೇ ಸುಸ್ತು. ಹಗುರ ಬೇಕೆಂದರೆ ಆಯಸ್ಸು ಕಮ್ಮಿ.

ಅಪ್ಪನದೋ ಚಿಕ್ಕಪ್ಪನದೋ ಹಳೇ ಬೂಟು ಹಾಕಿಕೊಂಡು ಹಿಮಾಲಯಕ್ಕೆ ಹೊರಟಿರುವ ಹುಡುಗರು ಮೊದಲು ಅಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ, ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ಬೇರೆ ಜೊತೆ ಕೊಳ್ಳಿ.